ಮೀನಿನ ಸ್ಕೂಟರಿನ ಹಾರ್ನ್

"ಸರ್, ಅದು ಅಳಿಯುವುದಿಲ್ಲ" ಎಂದು ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತಳು. ಉಡುಪಿಯ ಬಿ.ಎಡ್. ತರಗತಿಯಲ್ಲಿ ನಾನು, ಗಂಟೆ ಕೇಳಿದರೆ ಜೊಲ್ಲು ಸುರಿಸುವ ನಾಯಿಯ ಪ್ರಯೋಗ ವಿವರಿಸಿ, ಗಂಟೆಯ ಬಳಿಕ ಊಟ ಸಿಗದೇ ಹೋದರೆ ಆ ಕಲಿಕೆ ಕ್ರಮೇಣ ಅಳಿಯುತ್ತದೆ ಎಂದಿದ್ದೆ.

"ಅಪ್ಪ ಕಾಪುವಿನಲ್ಲಿ ಸ್ಕೂಟರಿನಲ್ಲಿ ಮೀನು ಮಾರುತ್ತಿದ್ದರು. ವಾಪಸ್ ಬರುವಾಗ ಹಾರ್ನ್ ಕೇಳಿದ ಕೂಡಲೇ ಅಮ್ಮ ಚಾಕ್ಕೆ ನೀರಿಡುವುದು. ಅಪ್ಪ ತೀರಿಹೋಗಿ ಮೂರು ವರ್ಷ ಆಯಿತು. ಸ್ಕೂಟರ್ ಈಗ ನೆರೆಮನೆಯವರದ್ದು. ಹಾರ್ನ್ ಕೇಳಿದರೆ ಅಮ್ಮ ಈಗಲೂ ನೀರಿಡ್ತಾರೆ."

"ಆ ಚಾ ಯಾರು ಕುಡಿಯುವುದು?" ಎಂದೆ.

"ನೆರೆಮನೆಯವರನ್ನೇ ಕರೆದು ಕೊಡ್ತಾರೆ ಸರ್."

ನಮ್ಮ ಮನೆಯಲ್ಲಿ ಮೀನು ತಿನ್ನುವುದಿಲ್ಲ. ನಮ್ಮ ಬೀದಿಗೆ ಬರುವ ಮೀನಿನ ಸ್ಕೂಟರಿನ ಹಾರ್ನಿಗೆ ನಾನು ತಲೆಯೆತ್ತಿದ್ದೇ ಇಲ್ಲ. ಈಗ ಅದು ಕೇಳಿದರೆ ಸಾಕು, ಕಾಪುವಿನ ಆ ಅಡುಗೆಮನೆಯಲ್ಲಿ ಒಲೆ ಹೊತ್ತಿತು ಎಂದುಕೊಳ್ಳುತ್ತೇನೆ.