ಟ್ರೇದಾಗ ಬಿದ್ದ ಸೆನ್ಸರಿಗೆ ಜ್ವರ ಬಂತು

ನಂಬಿದ್ರ ನಂಬ್ರಿ, ಇಲ್ಲಂದ್ರ ಬಿಡ್ರಿ. ನನ್ನ ಗಂಡ ಸೈತ ನಂಬಿಲ್ಲ. "ನಿದ್ದಿಗಣ್ಣಾಗ ಏನೋ ಕಂಡೀದಿ" ಅಂದ. ನಾನು ಮಾನ್ವಿಯಾಕಿ, ರಾಯಚೂರಿನ ಒಂದು ದವಾಖಾನಿಯಾಗ ಹನ್ನೊಂದು ವರ್ಷದಿಂದ ನರ್ಸು. ನಿದ್ದಿ ಯಾವುದು, ಎಚ್ಚರ ಯಾವುದು ನನಗ ಗೊತ್ತದ.

ಆ ರಾತ್ರಿ ಮೂರನೇ ಬೆಡ್ಡಿನಾಗ ಗೂಗಲ್ ಊರಿನ ಕಡಿಯ ಮಾಳಮ್ಮ ಇದ್ಲು. ಕುರಿ ಕಾಯೋ ಮನಿತನ, ಇನ್ನಾ ಮೂವತ್ತು ತುಂಬಿದ್ದಿಲ್ಲ. ಡಯಾಲಿಸಿಸ್ ಸಲುವಾಗಿ ಕುತ್ತಿಗಿ ಬಲಕ್ಕ ಕ್ಯಾತೆಟರ್ ಪೈಪು ಹಾಕಿದ್ರು. ಪೈಪಿನ ಬುಡಕ್ಕ ನಂಜು ಕೂತರ ಸೀದಾ ರಕ್ತಕ್ಕ ಏರತದ. ಅದಕ್ಕ ಡಾಕ್ಟರು ಅಂಗಿ ಗುಂಡಿಯಷ್ಟು, ವೈರಿಲ್ಲದ ಸೆನ್ಸರ್ ತರಿಸಿದ್ರು. ಒಂದು ಪೈಪಿನ ಬಾಜೂಕ, ಇನ್ನೊಂದು ಕುತ್ತಿಗಿ ಎಡಕ್ಕ ಅಂಟಿಸೋದು. ಚರ್ಮದ ಬಿಸಿ ಎರಡೂ ಕಡಿ ಸಮ ಇದ್ರ ಚಿಂತಿಲ್ಲ. ಪೈಪಿನ ಕಡೀದು ಏರಿದ್ರ ಡಾಕ್ಟರಿಗೆ ಫೋನ್ ಮಾಡಬೇಕು. ತಾಸಿಗೊಮ್ಮೆ ನೋಡಿ ಚಾರ್ಟಿನಾಗ ಬರೀಬೇಕು.

ಸುಳ್ಳು ಯಾಕ ಹೇಳಲಿ... ಪೇಶಂಟ್ ಸುಮ್ಮನ ಮಲಗಿದ್ರ ಮುಂದಿನ ತಾಸಿಂದೂ ಮೊದಲೇ ಬರದಿಡ್ತೀವಿ ನಾವು. ಎರಡಕ್ಕ ಕೂತು ಐದರ ತನಕ ತುಂಬಿಬಿಟ್ಟೆ. ಸಮ, ಸಮ, ಸಮ.

ಪೆನ್ನು ಮುಚ್ಚಿದ್ದೆ ಅಷ್ಟ... ಮಶೀನಿನ ಪರದಿ ಮ್ಯಾಲೆ ಪೈಪಿನ ಕಡಿ ಅಂಕಿ ಏರಾಕತ್ತಿತು. ಮೂವತ್ತೈದು... ಮೂವತ್ತಾರು...

ಓಡಿ ಹೋಗಿ ಕೈ ಇಟ್ಟೆ. ಕುತ್ತಿಗಿ ತಣ್ಣಗಿತ್ತು.

"ಏನಾತ್ರೀ ಸಿಸ್ಟರ್?" ಮಾಳಮ್ಮ ಕಣ್ಣು ಬಿಟ್ಲು.

"ಏನಿಲ್ಲ, ಮಲ್ಕೋ. ಇದರ ತಲಿ ಕೆಟ್ಟದ."

ಅದನ್ನ ಕಿತ್ತು ಸ್ಟೀಲ್ ಟ್ರೇದಾಗ ಒಗದೆ. ಹೊಸದು ಅಂಟಿಸಿದೆ. ಅದು ಸಮ ತೋರಿಸ್ತು.

ಎಸಿ ಗುಂಯ್ ಅನ್ನಾಕತ್ತಿತ್ತು. ಸ್ಪಿರಿಟ್ ವಾಸನಿ. ಟ್ರೇದಾಗಿನ ಸೆನ್ಸರಿನ ಅಂಕಿ ಮಾತ್ರ ಪರದಿ ಮ್ಯಾಲೆ ಇನ್ನಾ ಏರಾಕತ್ತಿತ್ತು. ಮೂವತ್ತೆಂಟು... ಮೂವತ್ತೊಂಬತ್ತು... ಅದರ ಮ್ಯಾಲೆ ಬೆರಳಿಟ್ಟೆ. ಅಯ್ಯಯ್ಯ! ಜ್ವರ ಬಂದ ಮೈ ಮುಟ್ಟಿದಂಗಾತು. ಅದರ ಬುಡದ ಟ್ರೇ ತಣ್ಣಗಿತ್ತು.

ಕೆಳಗ ಚಾಪಿ ಮ್ಯಾಲಿದ್ದ ಮಾಳಮ್ಮನ ಅವ್ವ ಎದ್ದು ಕೂತ್ಲು. "ಡಾಕ್ಟರಿಗೆ ಒಂದು ಮಾತು ಹೇಳು ಯವ್ವಾ..."

"ಏನಂತ ಹೇಳಲಿ, ಟ್ರೇಕ ಜ್ವರ ಬಂದದ ಅಂತೇನು?" ಅಂದೆ.

ಫೋನ್ ಮಾಡಲಿಲ್ಲ. ಚಾರ್ಟು ತುಂಬಿತ್ತಲ್ಲ, ಆಮ್ಯಾಲೆ ಪರದಿ ಕಡಿನೂ ನೋಡಲಿಲ್ಲ.

ನಾಲ್ಕೂವರಿಗೆ ಮಾಳಮ್ಮಗ ಚಳಿ ಹತ್ತಿ ಮಂಚ ಗಡಗಡ ಅಂತು. ಈಗ ಹೊಸ ಸೆನ್ಸರ್ ಮೂವತ್ತೊಂಬತ್ತು ತೋರಿಸ್ತಿತ್ತು. ಡಾಕ್ಟರು ಓಡಿ ಬಂದು ಪೈಪು ತಗದ್ರು, ಇಂಜೆಕ್ಷನ್ ಮ್ಯಾಲೆ ಇಂಜೆಕ್ಷನ್ ಕೊಟ್ರು. ಮೂರನೇ ದಿನ ಹೋಗಿಬಿಟ್ಲು.

ಆಮ್ಯಾಲೆ ಮಶೀನಿನವ ಬಂದು ಹಳೇದು, ಹೊಸದು ಎರಡೂ ಸೆನ್ಸರಿನ ಲೆಕ್ಕ ತಗದು ತೋರಿಸಿದ. ರಾತ್ರಿ ಎರಡರಿಂದ ಟ್ರೇದಾಗಿಂದು ಹ್ಯಾಂಗ ಏರಿತ್ತೋ, ಮೂರೂವರಿಯಿಂದ ಮಾಳಮ್ಮನ ಕುತ್ತಿಗ್ಯಾಗ ಹಂಗ ಏರಿತ್ತು. ಒಂದು ಅಂಕಿ ಆಚೀಚಿ ಇಲ್ಲ. "ಸೆನ್ಸರ್ ಚಲೋ ಅದರೀ ಮೇಡಂ, ನನಗೂ ತಿಳೀವಲ್ದು" ಅಂದ. ನನ್ನ ಚಾರ್ಟು ಯಾರೂ ಕೇಳಲಿಲ್ಲ.

ಅಕಿ ಹೋದ ದಿನ, ಹೆಣ ಗಾಡಿಗೆ ಏರಿಸೋ ಮುಂದ ಮಾಳಮ್ಮನ ಅವ್ವ ನನ್ನ ಹತ್ರ ಬಂದ್ಲು.

"ನಾಲ್ಕಕ್ಕೂ ನೋಡಿದ್ದಿ ಏನವ್ವಾ ನನ್ನ ಮಗಳಿಗೆ?"

"ನೋಡಿದ್ದೆ" ಅಂದೆ.

ಅಕಿ ನನಗ ಎರಡೂ ಕೈ ಎತ್ತಿ ಮುಗದ್ಲು. ನನಗ ಅಳು ಬರಲಿಲ್ಲ. ಇವತ್ತಿಗೂ ಬಂದಿಲ್ಲ.