ಕೆಂಪು ಮುದ್ದೆ ಮತ್ತು ವಾರಗಿತ್ತಿಯ ಉಗುರು ಬಣ್ಣ

ಹೋದ ವಾರ ನಮ್ಮ ಮನೆಯಲ್ಲಿ ಕೆಂಪು ಮುದ್ದೆ ಮಾಡಿದ್ದೆ.

ಇಲ್ಲ, ಇದು ಅಡುಗೆಯ ಅಂಕಣವಲ್ಲ. ಹೊಸ ರುಚಿ ಹೇಳಿಕೊಡುತ್ತಾಳೆ ಎಂದು ಸೀಸದ ಕಡ್ಡಿ ಹುಡುಕಬೇಡಿ. ಆ ಮುದ್ದೆಯನ್ನು ನಮ್ಮ ಎಮ್ಮೆ ಕೂಡ ಮೂಸಿ ನೋಡಿ ಮುಖ ತಿರುಗಿಸಿತು. ಅದು ಕೆಂಪಾಗಲು ಬೀಟ್‌ರೂಟು ಕಾರಣವಲ್ಲ, ಮೆಣಸಿನಕಾಯಿಯೂ ಅಲ್ಲ. ನನ್ನ ಹೊಟ್ಟೆಕಿಚ್ಚು ಕಾರಣ.

(ಈ ಅಂಕಣವನ್ನು ಪ್ರತಿ ವಾರ ನನ್ನ ಅತ್ತೆಗೆ ಓದಿ ಹೇಳುವವಳೂ ನಾನೇ. ಈ ವಾರ ಅಲ್ಲಲ್ಲಿ ಹಾರಿಸಿ ಓದುತ್ತೇನೆ. ಚನ್ನಪಟ್ಟಣದ ಓದುಗರು ದಯವಿಟ್ಟು ಬಾಯಿ ಬಿಡಬಾರದು.)

ನನ್ನ ವಾರಗಿತ್ತಿ ರತ್ನ ಬೆಂಗಳೂರಿನಿಂದ ಬಂದಿದ್ದಳು. ನನ್ನ ಮೈದುನ ಅಲ್ಲಿ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ರೈಲು ಕ್ಲೋಸ್‌ಪೇಟೆ ಸ್ಟೇಷನ್ ಬಿಟ್ಟರೆ ಮುಂದೆ ನಮ್ಮ ಚನ್ನಪಟ್ಟಣ ತಾನೆ? ಅಷ್ಟರೊಳಗೆ ಈಕೆ ತಲೆ ಬಾಚಿ, ಪೌಡರ್ ಹಾಕಿ, ನೆರಿಗೆ ಸರಿಮಾಡಿಕೊಂಡು ಸಿದ್ಧವಾಗಿರುತ್ತಾಳೆ. ಇಡೀ ರೈಲಿನಲ್ಲಿ ಮಸಿ ಅಂಟದೆ ಇಳಿಯುವವಳು ಇವಳೊಬ್ಬಳೇ. ನಾನು ಬೆಂಗಳೂರಿಗೆ ಹೋಗಿ ಬಂದರೆ ಎಂಜಿನ್ನಿನೊಳಗೆ ಕೂತು ಬಂದವಳ ಹಾಗೆ ಕಾಣುತ್ತೇನೆ. ರೈಲಿಗೂ ಮುಖ ನೋಡಿ ಮಣೆ ಹಾಕುವ ಬುದ್ಧಿಯೇ?

ಈ ಸಲ ಅವಳ ಕೈಚೀಲದಿಂದ ಮೂರು ಪುಟ್ಟ ಗಾಜಿನ ಬಾಟಲಿಗಳು ಹೊರಬಂದವು.

"ಇದೇನಮ್ಮಿ, ಕಣ್ಣಿಗೆ ಬುಡೋ ಔಸ್ದಿಯಾ?" ಎಂದರು ಅತ್ತೆ.

"ಅಲ್ಲ ಅತ್ತೆ, ಉಗುರಿಗೆ ಹಚ್ಚೋ ಬಣ್ಣ. ಬಿಳಿ ಸಿಪಾಯಿಗಳಿರೋ ದಂಡಿನ ಕಡೆ ಇಂಗ್ಲಿಷ್ ಔಷಧದ ಅಂಗಡೀಲಿ ಬಂದಿದೆ. ದೊರೆಸಾನಿಯರೆಲ್ಲ ಇದನ್ನೇ ಹಚ್ಕೊಳ್ಳೋದು."

ಔಷಧದ ಅಂಗಡಿಯಲ್ಲಿ ಬಣ್ಣ! ಉಗುರಿಗೇನು ಕಾಯಿಲೆ? ನಮ್ಮೂರ ಔಷಧದ ಅಂಗಡಿಯಲ್ಲಿ ಕೆಮ್ಮಿನ ನೀರು ಬಿಟ್ಟರೆ ನೋವಿನ ಎಣ್ಣೆ. ಎರಡೂ ಒಂದೇ ಬಣ್ಣ, ಹೆಚ್ಚುಕಡಿಮೆ ಒಂದೇ ವಾಸನೆ.

ಅಷ್ಟಕ್ಕೆ ಮುಗಿಯಲಿಲ್ಲ. "ಅಕ್ಕ, ಇವು ಚಳಿಗಾಲದ ಬಣ್ಣಗಳು. ಬೇಸಿಗೆ ಸೀಸನ್ನಿಗೆ ಬೇರೆ ಬರುತ್ತವೆ. ಆಗ ಇವನ್ನ ಹಚ್ಚಿದರೆ ನಗುತ್ತಾರೆ" ಎಂದಳು ರತ್ನ.

ಯಾರು ನಗುತ್ತಾರೆ ಸ್ವಾಮಿ? ನಮಗೆ ಕಾಲ ಅಂದರೆ ಅವರೆಕಾಯಿ ಕಾಲ, ಮಾವಿನಕಾಯಿ ಕಾಲ, ರೇಷ್ಮೆ ಗೂಡಿನ ಕಾಲ. ಕೂಟಗಲ್ಲಿನ ನನ್ನ ತವರಿನಲ್ಲಿ ಹಬ್ಬಕ್ಕೆ ಗೋರಂಟಿ ಸೊಪ್ಪು ಅರೆದು ಹಚ್ಚಿಕೊಂಡರೆ ಅದು ತಾನಾಗಿ ಹೋಗುವವರೆಗೂ ಅದೇ ಬಣ್ಣ, ಅದೇ ಸೀಸನ್. ಚಳಿಗಾಲಕ್ಕೆ ಒಂದು ಉಗುರು, ಬೇಸಿಗೆಗೆ ಒಂದು ಉಗುರು ಎಂದು ನಾನು ಕೇಳಿದ್ದು ಇದೇ ಮೊದಲು. ಕೇಳಿದ ಕೂಡಲೇ ನನಗೂ ಬೇಕು ಅನ್ನಿಸಿತು. ಆದರೆ ಬಾಯಿಂದ ಬಂದದ್ದು ಬೇರೆ.

"ನಂಗ್ಯಾಕವ್ವ ಇವೆಲ್ಲ? ಮುದ್ದೆ ಕಟ್ಟೋ ಕೈ" ಎಂದು ಒಳಗೆ ಹೋದೆ. ಇನ್ನೊಂದು ಸಲ ಒತ್ತಾಯ ಮಾಡುತ್ತಾಳೆ ಎಂದುಕೊಂಡಿದ್ದೆ. ಮಾಡಲಿಲ್ಲ.

ಊಟವಾದ ಮೇಲೆ ಜಗಲಿಯ ಮೇಲೆ ಚಾಪೆ ಹಾಸಿ ಕೂತಳು ನೋಡಿ! ಬೀದಿಯ ಹೆಂಗಸರೆಲ್ಲ ಬಂದುಬಿಟ್ಟರು. ಒಂದು ಬಾಟಲಿಯಲ್ಲಿ ದಾಳಿಂಬೆ ಕೆಂಪು, ಒಂದರಲ್ಲಿ ತಿಳಿ ಗುಲಾಬಿ. ಮುಚ್ಚಳದಲ್ಲೇ ಬ್ರಷ್. ಹೆಬ್ಬೆರಳಿಗೆ ಕೆಂಪು, ತೋರುಬೆರಳಿಗೆ ಗುಲಾಬಿ, ಯಾವುದು ಯಾರಿಗೆ ಒಪ್ಪುತ್ತದೆ ಎಂದು ಪರೀಕ್ಷೆ. ಹಚ್ಚಿಸಿಕೊಂಡವರು ಕೈ ಮುಂದೆ ಚಾಚಿ ಊದುತ್ತ ಕೂತರು. ಬೀದಿ ಪೂರ್ತಿ ಒಲೆ ಊದುವ ಹಾಗೆ ಕಾಣುತ್ತಿತ್ತು.

ಎದುರು ಮನೆಯ ಪುಟ್ಟಮ್ಮ ಒಬ್ಬಳು ಮಾತ್ರ ಬೇಡ ಅಂದಳು. ಅವಳ ತವರು ಹೊಂಗನೂರು, ಮಾರನೆಯ ದಿನ ಅಲ್ಲಿಗೆ ಹೊರಟಿದ್ದಳು. "ಅಲ್ಲಿ ರೇಷ್ಮೆ ಹುಳ ನಾಕ್ನೇ ಜ್ವರಕ್ಕೆ ಬಂದವೆ, ಪೊರೆ ಬುಡೋ ಹೊತ್ತು ಕಣವ್ವ. ಈ ಗಾಟು ಇಟ್ಕೊಂಡು ಹುಳದ ಮನೆಗೋದ್ರೆ ನಮ್ಮಣ್ಣ ಬಾಗ್ಲಲ್ಲೇ ಅಟ್ಟುಸ್ತಾನೆ" ಎಂದಳು. ಮೂಗು ಮಾತ್ರ ಬಾಟಲಿಯ ಬಾಯಿಗೇ ಹಿಡಿದಿದ್ದಳು.

ನಾನು? ಒಳಗೆ ಅವರೆಕಾಯಿ ಸುಲಿಯುತ್ತಿದ್ದೆ. ಬಾಗಿಲಿಗೆ ಎದುರಾಗಿ. ಎಲ್ಲ ಕಾಣುವ ಹಾಗೆ.

ಇಲ್ಲಿಯವರೆಗಿನದು ಸಣ್ಣ ಹೊಟ್ಟೆಕಿಚ್ಚು. ಒಂದು ಲೋಟ ಮಜ್ಜಿಗೆ ಕುಡಿದರೆ ಆರುವಂಥದ್ದು. ದೊಡ್ಡದು ಇನ್ನು ಮುಂದೆ.

ನಮ್ಮ ಅತ್ತೆಯ ಬಗ್ಗೆ ಒಂದು ಮಾತು ಹೇಳಬೇಕು. ಅವರನ್ನು ಯಾರೂ ಮುಟ್ಟುವ ಹಾಗಿಲ್ಲ. ಮಡಿ ಮೈಲಿಗೆಯ ವಿಚಾರವಲ್ಲ, ಸ್ವಭಾವ. ಮೆಟ್ಟಿಲು ಇಳಿಯುವಾಗ ಕೈ ಹಿಡಿಯಲು ಹೋದರೆ "ನಂಗೇನಾಗೈತೆ?" ಎಂದು ಕೊಡವಿಬಿಡುತ್ತಾರೆ. ಜ್ವರ ಬಂದಾಗ ಹಣೆ ಮುಟ್ಟಿದರೆ ನನ್ನ ಕೈಯನ್ನೇ ಸರಿಸುತ್ತಾರೆ. ಈ ಮನೆಗೆ ಸೊಸೆಯಾಗಿ ಬಂದು ಎಷ್ಟೋ ವರ್ಷವಾಯಿತು. ಅವರಿಗೆ ಸಾರಿಗೆ ಉಪ್ಪು ಎಷ್ಟು ಬೇಕು, ಎಲೆ ಅಡಿಕೆಗೆ ಸುಣ್ಣ ಎಷ್ಟು ಬೇಕು, ಎಲ್ಲ ಬಲ್ಲೆ. ಅವರ ಅಂಗೈ ಮೆತ್ತಗಿದೆಯೋ ಒರಟಾಗಿದೆಯೋ, ಅದು ಮಾತ್ರ ಗೊತ್ತಿಲ್ಲ. ಒಂದು ಸಲವಾದರೂ ಆ ಕೈಯನ್ನು ಅವರಾಗಿ ನನ್ನ ಕೈಯಲ್ಲಿ ಇಟ್ಟಾರು ಎಂದು ಆಸೆ. ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ, ತಾಯಿಯನ್ನು ಬೇಗ ಕಳೆದುಕೊಂಡವಳಿಗೆ ಇಂಥ ಆಸೆಗಳು ಇರುತ್ತವೆ.

ಹೆಂಗಸರೆಲ್ಲ ಎದ್ದು ಹೋದರು. ಅತ್ತೆ ಕಂಬಕ್ಕೆ ಒರಗಿ ಕೂತೇ ಇದ್ದರು. ಮಾವನವರು ಹೋದ ಮೇಲೆ ಅವರು ಹೂವು ಮುಡಿದಿಲ್ಲ, ಬಣ್ಣದ ಸೀರೆ ಉಟ್ಟಿಲ್ಲ. ಹಣೆಯ ವಿಭೂತಿ ಬಿಟ್ಟು ಮೈಮೇಲೆ ಬೇರೆ ಅಲಂಕಾರವಿಲ್ಲ. ರತ್ನ ಮೂರನೆಯ ಬಾಟಲಿ ಎತ್ತಿ ಮೆಲ್ಲಗೆ ಹೇಳಿದಳು: "ಇದರಲ್ಲಿ ಬಣ್ಣ ಇಲ್ಲ ಅತ್ತೆ, ಬರೀ ಹೊಳಪು. ನಿಮಗೇ ಅಂತ ತಂದೆ."

"ನಂಗಾ? ಥೂ, ಹೋಗಮ್ಮಿ! ನೋಡ್ದೋರು ಏನಂದಾರು?"

"ಯಾರಿಗೂ ಕಾಣಲ್ಲ."

ಅತ್ತೆ ಬೀದಿಯ ಈ ತುದಿ ನೋಡಿದರು, ಆ ತುದಿ ನೋಡಿದರು. ಆಮೇಲೆ ಸೆರಗಿನ ಒಳಗಿಂದ ಕೈ ಹೊರಗೆ ತೆಗೆದು ರತ್ನಳ ಕೈಯಲ್ಲಿ ಇಟ್ಟರು.

ನನ್ನ ಕೈಯಲ್ಲಿದ್ದ ಅವರೆಕಾಯಿ ನೆಲಕ್ಕೆ ಬಿತ್ತು. ಹಬ್ಬಕ್ಕೋ ಹುಣ್ಣಿಮೆಗೋ ಒಮ್ಮೆ ಬಂದು ಹೋಗುವವಳಿಗೆ ಆ ಕೈ! ಈ ಮನೆಯ ಮಸಿ, ಹೊಗೆ, ಕಸ, ಮುಸುರೆ ಎಲ್ಲ ನನಗೆ, ಕೈ ಅವಳಿಗೆ! ರತ್ನ ಒಂದೊಂದೇ ಬೆರಳು ಹಿಡಿದು ಬಳಿಯುತ್ತಿದ್ದರೆ ಅತ್ತೆ ಕಣ್ಣು ಮುಚ್ಚಿಕೊಂಡು ನಗುತ್ತಿದ್ದರು. ಅವರು ಹಾಗೆ ನಗಬಲ್ಲರು ಎಂದು ನನಗೆ ಗೊತ್ತೇ ಇರಲಿಲ್ಲ. ಹೊಟ್ಟೆಯೊಳಗೆ ಒಲೆ ಹಚ್ಚಿದ ಹಾಗಾಯಿತು. ಹೇಳಿ, ನಿಮಗಾಗಿದ್ದರೆ ಆಗುತ್ತಿರಲಿಲ್ಲವೆ?

ಆಗಲೇ ತೀರ್ಮಾನ ಮಾಡಿದೆ. ಉಗುರಿನ ಬಣ್ಣ ನಾನೇ ಮಾಡಿಕೊಳ್ಳುತ್ತೇನೆ, ಅದೇನು ಅವಳೊಬ್ಬಳ ಸ್ವತ್ತೇ? ಬಣ್ಣದ ವಿಚಾರದಲ್ಲಿ ಚನ್ನಪಟ್ಟಣದವರಿಗೆ ದಂಡಿನ ಅಂಗಡಿಯವನು ಪಾಠ ಹೇಳಬೇಕೇ?

ನಮ್ಮದು ಬೊಂಬೆ ಮಾಡಿಸುವ ಮನೆ. ಹಿತ್ತಲ ಕೊಟ್ಟಿಗೆಯಲ್ಲಿ ದಿನವಿಡೀ ಕೆಲಸ ನಡೆಯುತ್ತದೆ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಬಣ್ಣ ಹತ್ತುತ್ತದೆ. ಮೇಲೆ ತಾಳೆಗರಿ ಹಿಡಿದು ಉಜ್ಜಿದರೆ ಮುಖ ಕಾಣುವಷ್ಟು ಹೊಳಪು. ಮರಕ್ಕೆ ಹತ್ತುವುದು ಉಗುರಿಗೆ ಹತ್ತುವುದಿಲ್ಲವೇ?

ಮಾರನೆಯ ದಿನ ಬೆಳಿಗ್ಗೆ ಕೆಂಪು ಅರಗಿನ ಒಂದು ಚೂರು ಪುಡಿ ಮಾಡಿ, ನಮ್ಮ ಮನೆಯವರು ಮೇಜಿನ ಪಾಲಿಷ್‌ಗೆಂದು ತಂದಿಟ್ಟ ಸ್ಪಿರಿಟ್ಟಿನಲ್ಲಿ ನೆನೆಹಾಕಿದೆ. ಮಧ್ಯಾಹ್ನದ ಹೊತ್ತಿಗೆ ಚೆನ್ನಾಗಿ ಕರಗಿತ್ತು. ಬೊಂಬೆಗೆ ಕಣ್ಣು ಬರೆಯುವ ಸಣ್ಣ ಕುಂಚದಲ್ಲಿ ಹತ್ತು ಬೆರಳಿಗೂ ಬಳಿದುಕೊಂಡೆ. ಒಣಗಿದ ಮೇಲೆ ತಾಳೆಗರಿಯ ಚೂರಿನಿಂದ ಉಜ್ಜಿದೆ.

ಓದುಗರೇ, ಏನು ಹೊಳಪು ಅಂತೀರಿ! ರತ್ನಳ ದಾಳಿಂಬೆ ಕೆಂಪು ಇದರ ಮುಂದೆ ನೀರು ನೀರು. ನನ್ನ ಕೈಯನ್ನು ನಾನೇ ತಿರುಗಿಸಿ ತಿರುಗಿಸಿ ನೋಡಿದೆ. ಸಂಜೆ ಊಟಕ್ಕೆ ಬಡಿಸುವಾಗ ಎಲ್ಲರಿಗೂ ಕಾಣಲಿ, ಅತ್ತೆ ನೋಡಲಿ, ನೋಡಿ ಬೆರಗಾಗಲಿ. ಆಮೇಲೆ "ನಂಗೂ ಒಸಿ ಹಚ್ಚವ್ವ" ಎಂದು ಕೈ ಚಾಚಲಿ. ಇದು ನನ್ನ ಲೆಕ್ಕಾಚಾರ.

ಈ ಸಂಭ್ರಮದಲ್ಲಿ ಒಂದು ಚಿಕ್ಕ ವಿಷಯ ಮರೆತೆ. ಬಿಸಿಗೆ ಅರಗು ಕರಗುತ್ತದೆ. ನಮ್ಮ ಮನೆಯ ಬೆಕ್ಕಿಗೂ ತಿಳಿದ ವಿಷಯ. ಮೂರು ಪ್ಯಾರಾ ಹಿಂದೆ ನಿಮಗೆ ಕೂಡ ತಿಳಿಯಿತು. ನನಗೆ ಮಾತ್ರ ಆ ಹೊತ್ತಿನಲ್ಲಿ ಹೊಳೆಯಲಿಲ್ಲ.

ಒಲೆಯಿಂದ ಇಳಿಸಿದ ಹಿಟ್ಟನ್ನು ಚೆನ್ನಾಗಿ ತಿರುವಿ, ಕೈಗೆ ನೀರು ಸವರಿಕೊಂಡು ಮುದ್ದೆ ಕಟ್ಟತೊಡಗಿದೆ. ಬಿಸಿ ಮುದ್ದೆ ಎಷ್ಟು ಬಿಸಿ ಎಂದು ಕಟ್ಟಿದವರಿಗೆ ಗೊತ್ತು. ಅಡುಗೆಮನೆಯಲ್ಲಿ ಮಬ್ಬು. ಬೆರಳ ತುದಿ ಅಂಟಂಟು ಅನ್ನಿಸಿದಾಗ ಹಿಟ್ಟು ಅಂಟಿದೆ ಎಂದುಕೊಂಡು ಇನ್ನಷ್ಟು ನೀರು ಸವರಿಕೊಂಡೆ.

ಲಾಂದ್ರದ ಬೆಳಕಿನಲ್ಲಿ ಎಲ್ಲರೂ ಊಟಕ್ಕೆ ಕೂತರು. ನಮ್ಮ ಮನೆಯವರು ಮುದ್ದೆ ಮುರಿದು ಸಾರಿನಲ್ಲಿ ಅದ್ದಲು ಹೋದವರು ಕೈ ತಡೆದರು. ಮುದ್ದೆಯ ಮೈತುಂಬ ಕೆಂಪು ಗೀರು. ಬೆಳಕಿಗೆ ಹಿಡಿದು ನೋಡಿದರು, ಉಗುರಿನಿಂದ ಕೆರೆದರು, ಮೂಸಿದರು. ಬೊಂಬೆ ವ್ಯಾಪಾರಿಯ ಕಣ್ಣು ತಪ್ಪುತ್ತದೆಯೇ?

"ಏನಮ್ಮಿ ಇದು? ನಮ್ ಬೊಂಬೆ ಕುದ್ರೆಗೆ ಹಾಕೋ ಕೆಂಪಲ್ವಾ? ಮುದ್ದೆಗ್ಯಾಕೆ ಬಳ್ದೆ?"

ಎಲ್ಲರ ಕಣ್ಣೂ ನನ್ನ ಕೈ ಮೇಲೆ. ಕೈಯೋ, ದೇವರೇ! ಕೆಂಪು ಅರಗು, ರಾಗಿ ಹಿಟ್ಟು ಸೇರಿ ಬೆರಳಿಗೆ ಬೆರಳು ಅಂಟಿಕೊಂಡು ಕೂತಿತ್ತು.

ರತ್ನ ನಗಲಿಲ್ಲ. ಅದೇ ಇನ್ನೂ ಉರಿಯುವ ವಿಷಯ. "ಅಕ್ಕ, ನನ್ನ ಹತ್ತಿರ ಅಳಿಸುವ ಔಷಧಿ ಇದೆ, ಬನ್ನಿ" ಎಂದು ಓಡಿಬಂದಳು. ಒಳ್ಳೆಯವಳಾಗಿಯೂ ಇರಬೇಕೇ ಇವಳು? ಹೊಟ್ಟೆಕಿಚ್ಚು ಪಡಲು ಒಂದು ಕೆಟ್ಟ ಗುಣವನ್ನಾದರೂ ಇಟ್ಟುಕೊಳ್ಳಬಾರದೇ? "ನೀನು ಊಟ ಮಾಡವ್ವ, ನಾನೇ ತೊಳ್ಕೋತೀನಿ" ಎಂದು ಹಿತ್ತಲಿಗೆ ಹೋಗಿ ಸ್ಪಿರಿಟ್ಟಿನಲ್ಲಿ ಕೈ ಉಜ್ಜಿಕೊಂಡೆ. ಒಳಗಿನಿಂದ ಅತ್ತೆಯ ನಗು ಕೇಳುತ್ತಿತ್ತು. ನಕ್ಕು ನಕ್ಕು ಕೆಮ್ಮು ಬಂದು, ಕೆಮ್ಮು ನಿಂತ ಮೇಲೆ ಮತ್ತೆ ನಗು.

ರತ್ನ ಊರಿಗೆ ಹೊರಟಳು. ಹೋಗುವಾಗ ಬಣ್ಣವಿಲ್ಲದ ಬಾಟಲಿಯನ್ನು ಅತ್ತೆಗೆ ಕೊಟ್ಟಳು. ಗುಲಾಬಿಯನ್ನು ನನಗೆ. ನಾನು ಬೇಡ ಎನ್ನಲಿಲ್ಲ. ಆದರೆ ಹಚ್ಚಿಕೊಂಡೂ ಇಲ್ಲ. ನನಗೆ ಬೇಕಾಗಿದ್ದು ಆ ಬಾಟಲಿಯೊಳಗೆ ಇರಲಿಲ್ಲ ಎಂದು ಅಷ್ಟು ಹೊತ್ತಿಗೆ ನನಗೇ ತಿಳಿದಿತ್ತು.

ನಿನ್ನೆ ಮಧ್ಯಾಹ್ನ ಅತ್ತೆ ಪಾತ್ರೆ ತೊಳೆಯುವ ಜಾಗಕ್ಕೆ ಬಂದು ನಿಂತರು. ಅವರು ಅಲ್ಲಿಗೆ ಬರುವವರಲ್ಲ. ಸೊಂಟದ ಗಂಟಿನಿಂದ ಬಾಟಲಿ ತೆಗೆದರು.

"ಹೊಳ್ಪೆಲ್ಲ ಹೊಂಟೋಯ್ತು ಕಣಮ್ಮಿ. ಎಡಗೈಲಿ ನಾನೇ ಹಚ್ಕೊಳ್ಳೋಣಾ ಅಂದ್ರೆ ಬೆರಳೆಲ್ಲ ಮೆತ್ಕತದೆ. ನೀನು ಒಸಿ ಹಚ್ತೀಯಾ?"

ಕೈ ತೊಳೆದೆ. ಒರೆಸಿದೆ. ಮತ್ತೊಮ್ಮೆ ತೊಳೆದೆ. ಅತ್ತೆ ಕಲ್ಲಿನ ಮೇಲೆ ಕೂತು ಕೈ ಚಾಚಿದರು.

ಅಂಗೈ ಒರಟು. ನಡುವೆ ಮಾತ್ರ ಮೆತ್ತಗೆ. ತೋರುಬೆರಳಲ್ಲಿ ಸುಟ್ಟ ಒಂದು ಹಳೆಯ ಗುರುತು, ಅದು ಹೇಗಾಯಿತೆಂದು ಕೇಳಿದರೆ ಎಲ್ಲಿ ಕೈ ಎಳೆದುಕೊಳ್ಳುತ್ತಾರೋ ಎಂದು ಕೇಳಲಿಲ್ಲ. ಬೆರಳಿಂದ ಬೆರಳಿಗೆ ಆದಷ್ಟು ನಿಧಾನವಾಗಿ ಹೋದೆ. ಕಿರುಬೆರಳಿಗೆ ಬಂದಾಗ ಬೇಕೆಂದೇ ಬ್ರಷ್ ಮತ್ತೊಮ್ಮೆ ಬಾಟಲಿಯಲ್ಲಿ ಅದ್ದಿದೆ, ಒಂದು ಗಳಿಗೆ ಹೆಚ್ಚು ಸಿಗಲಿ ಎಂದು.

ಅತ್ತೆ ಕೈಯನ್ನು ಬಿಸಿಲಿಗೆ ಹಿಡಿದು ಪರೀಕ್ಷೆ ಮಾಡಿದರು. ಹುಬ್ಬು ಗಂಟಿಕ್ಕಿದರು.

"ರತ್ನ ಹಚ್ಚಿದಂಗೆ ಬರ್ನಿಲ್ಲ ಕಣಮ್ಮಿ" ಎಂದರು.

ನನ್ನ ಮುಖ ಹೇಗಾಗಿರಬೇಕು, ನೀವೇ ಯೋಚಿಸಿ. ಬೆಂಗಳೂರಿನಲ್ಲಿ ಕೂತುಕೊಂಡೇ ಗೆದ್ದಳಲ್ಲ ನನ್ನ ವಾರಗಿತ್ತಿ! ಬಾಟಲಿಯ ಮುಚ್ಚಳ ಬಿಗಿದು ಮುಂದಿಟ್ಟೆ. ಅತ್ತೆ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದರು. ಏಳುವಾಗ ಕಲ್ಲು ಜಾರಿತೋ ಏನೋ, ನನ್ನ ಭುಜ ಹಿಡಿದುಕೊಂಡರು, ಕೂಡಲೇ ಬಿಡಲೂ ಇಲ್ಲ.

"ಇರ್ಲಿ ಬುಡು. ನಾಳೀಕೆ ಬತ್ತೀನಿ, ಇನ್ನೊಂದ್ಸಲ ಹಚ್ಚೀಯಂತೆ. ನೆಟ್ಟಗೆ ಬರೋಗಂಟ ಬುಡಕ್ಕಿಲ್ಲ ನಾನು."

ಇವತ್ತು ಬೆಳಿಗ್ಗೆಯಿಂದ ಒಂದೇ ಯೋಚನೆ: ಆ ಹೊಳಪನ್ನು ವರ್ಷಗಟ್ಟಲೆ ಒಂದು ಸಲವೂ ನೆಟ್ಟಗೆ ಬರದ ಹಾಗೆ ಹಚ್ಚುವುದು ಹೇಗೆ?