ಹೊರಗಿನ ಚಿಲಕ

ಹಣ್ಣು ಹಿಡಿದುಕೊಂಡು ಬರುವ ನೆಂಟರನ್ನು ನಾನು ನಂಬುತ್ತಿರಲಿಲ್ಲ. ಕಾಪುವಿನಲ್ಲಿ, ಮನೆಯವರು ಕೈಬಿಟ್ಟ ಹೆಂಗಸರ ಆಶ್ರಮವೊಂದನ್ನು ಹತ್ತು ವರ್ಷಕ್ಕೂ ಮಿಕ್ಕಿ ನಡೆಸಿದವಳು ನಾನು. ವರ್ಷಗಟ್ಟಲೆ ಒಂದು ಕಾಗದವನ್ನೂ ಹಾಕದವರು ಇದ್ದಕ್ಕಿದ್ದಂತೆ ಮೂಸಂಬಿ ತಂದರೆಂದರೆ, ಮನೆಯಲ್ಲಿ ಪಾಲಿನ ಮಾತು ಎದ್ದಿದೆ ಎಂದೇ ಅರ್ಥ. ನಮ್ಮ ಕಡೆ ಅನೇಕ ಮನೆತನಗಳಲ್ಲಿ ಆಸ್ತಿ ಹೆಣ್ಣಿನ ಕಡೆಯಿಂದ ಇಳಿದು ಬರುತ್ತದೆ. ತಲೆ ಸರಿಯಿಲ್ಲವೆಂದು ಮರೆತುಬಿಟ್ಟ ತಂಗಿಯ ಹೆಬ್ಬೆಟ್ಟು ಒಂದು ದಿನ ಅಣ್ಣಂದಿರಿಗೆ ಬೇಕಾಗುತ್ತಿತ್ತು.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಬೆಳ್ಮಣ್ಣಿನಿಂದ ಒಬ್ಬ ಅಣ್ಣ ಹೀಗೆಯೇ ಬಂದ. ಅವನ ತಂಗಿ ಮಣಿಪಾಲದಲ್ಲಿ ಚಿಕಿತ್ಸೆ ಮುಗಿಸಿ ನಮ್ಮಲ್ಲಿಗೆ ಸೇರಿ ನಾಲ್ಕು ವರ್ಷವಾಗಿತ್ತು. ಮಾತು ಕಡಿಮೆ, ಕೈ ಚುರುಕು. ಅಡುಗೆಗೆ ಕಾಯಿ ತುರಿಯುವ ಕೆಲಸವನ್ನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ.

"ತಂಗಿಯನ್ನು ಕರ್ಕೊಂಡು ಹೋಗ್ಲಿಕ್ಕೆ ಬಂದದ್ದು ಮೇಡಂ. ಅಮ್ಮನಿಗೆ ಹುಷಾರಿಲ್ಲ, ಇವಳನ್ನೇ ಕೇಳ್ತಾ ಇದ್ದಾರೆ," ಎಂದ.

"ನಾಲ್ಕು ವರ್ಷದಿಂದ ಕೇಳ್ಲಿಲ್ವಾ?" ಎಂದೆ.

ಅವನು ತಲೆ ತಗ್ಗಿಸಿದ. ತಲೆ ತಗ್ಗಿಸುವವರನ್ನೂ ನಾನು ನಂಬುತ್ತಿರಲಿಲ್ಲ. ಮುಂದಿನ ವಾರ ಬನ್ನಿ ಎಂದು ಕಳಿಸಿದೆ.

ಯಾರನ್ನೇ ಮನೆಗೆ ಕಳಿಸುವ ಮೊದಲು ಹೇಳದೆ ಕೇಳದೆ ಆ ಮನೆಗೆ ಹೋಗಿ ನೋಡುವುದು ನನ್ನ ಪದ್ಧತಿ. ಹೇಳಿ ಹೋದರೆ ಶಿರಾ ಮಾಡಿ, ಹೊಸ ಚಾಪೆ ಹಾಸಿ ಕಾಯುತ್ತಾರೆ. ಎರಡೇ ದಿನದಲ್ಲಿ ಕಟಪಾಡಿಯಲ್ಲಿ ಬಸ್ಸು ಬದಲಿಸಿ ಬೆಳ್ಮಣ್ಣಿಗೆ ಹೋದೆ. ಅಣ್ಣ ಗದ್ದೆಯಲ್ಲಿದ್ದ. ಅವನ ಹೆಂಡತಿ ಬೆಲ್ಲ, ನೀರು ಕೊಟ್ಟಳು. ಒಳಗೆ ತಾಯಿ ಹಾಸಿಗೆ ಹಿಡಿದದ್ದು ನಿಜವೇ ಆಗಿತ್ತು. "ಬಂದಳಾ?" ಎಂದು ಮುದುಕಿ ನನ್ನ ಮುಖ ನೋಡಿ ಕೇಳಿದಳು. ಅಷ್ಟಕ್ಕೇ ನನ್ನ ಮನಸ್ಸು ಕರಗಬೇಕಿತ್ತು. ಕರಗಲಿಲ್ಲ. ತಂಗಿಯ ಕೋಣೆ ತೋರಿಸಿ ಎಂದೆ.

ತಾಯಿಯ ಕೋಣೆಗೆ ತಾಗಿಕೊಂಡೇ ಇತ್ತು. ಗುಡಿಸಿ ಒರೆಸಿದ್ದರು. ಬಾಗಿಲಿನ ಹೊರಬದಿಯಲ್ಲಿ ಹೊಸ ಚಿಲಕ ಹೊಳೆಯುತ್ತಿತ್ತು.

"ಇದು ಎಂತಕ್ಕೆ?" ಎಂದೆ.

"ಮೊದಲೊಮ್ಮೆ ಎದ್ದು ಹೋಗಿದ್ದಳು ಮೇಡಂ. ಅಂಗಳದಲ್ಲಿ ಬಾವಿ ಉಂಟು, ಹೆದರಿಕೆ ಆಗ್ತದೆ. ಅವಳ ಒಳ್ಳೆಯದಕ್ಕೇ," ಎಂದಳು ಅಣ್ಣನ ಹೆಂಡತಿ.

ಕಳ್ಳ ಸಿಕ್ಕಿಬಿದ್ದನೆಂಬ ಸಂತೋಷವೇ ನನಗಾದದ್ದು. ಇವತ್ತು ಅದನ್ನು ಬರೆಯಲು ನಾಚಿಕೆಯಾಗುತ್ತದೆ. ಮನೆ ಸೂಕ್ತವಲ್ಲ ಎಂಬ ವರದಿಯನ್ನು ಬಸ್ಸಿನಲ್ಲಿ ಕೂತು ಮನಸ್ಸಿನಲ್ಲೇ ಬರೆದು ಮುಗಿಸಿದೆ.

ಮರಳಿದಾಗ ಅವಳು ತುರಿಮಣೆಯ ಮೇಲೆ ಕೂತಿದ್ದಳು. ಅಮ್ಮನ ಪಕ್ಕದ ಕೋಣೆ, ಬಾಗಿಲಿಗೆ ಹೊರಗಿನಿಂದ ಚಿಲಕ, ಎಲ್ಲ ಹೇಳಿ, "ನಿನ್ನನ್ನು ಕೂಡಿಹಾಕ್ಲಿಕ್ಕೆ ಮಾಡಿದ್ದು ಅದು. ಹೋಗುವುದು ಬೇಡ," ಎಂದೆ.

ಅವಳು ಕೈಯಲ್ಲಿದ್ದ ತೆಂಗಿನ ಕಡಿ ಮುಗಿಯುವವರೆಗೂ ತುರಿದಳು. ಆಮೇಲೆ ಹೇಳಿದಳು, "ಇಲ್ಲಿಯೂ ಚಿಲಕ ಹೊರಗೆಯೇ ಅಲ್ವಾ ಅಕ್ಕ? ಅಲ್ಲಿ ಗೋಡೆಯ ಆಚೆ ಅಮ್ಮ ಇದ್ದಾರೆ."

ಆಶ್ರಮದ ಒಬ್ಬಾಕೆ ರಾತ್ರಿ ಎದ್ದು ಹೆದ್ದಾರಿಯವರೆಗೆ ನಡೆದುಹೋದ ಮೇಲೆ, ಆಚಾರಿಯನ್ನು ಕರೆಸಿ ಹೆಂಗಸರು ಮಲಗುವ ಕೋಣೆಗೆ ಆ ಚಿಲಕ ಹೊಡೆಸಿದವಳು ನಾನು. ದಿನವೂ ರಾತ್ರಿ ಊಟದ ನಂತರ ಅದನ್ನು ಹಾಕುತ್ತಿದ್ದವಳೂ ನಾನು. ಕೇಳಿದವರಿಗೆಲ್ಲ ಅವರ ಒಳ್ಳೆಯದಕ್ಕೇ ಎನ್ನುತ್ತಿದ್ದೆ.

ಮುಂದಿನ ವಾರ ಅಣ್ಣನ ಜೊತೆ ಅವಳನ್ನು ಕಳಿಸಿಕೊಟ್ಟೆ. ನಾನಿಲ್ಲದೆ ಅವಳ ಹೆಬ್ಬೆಟ್ಟು ಎಲ್ಲಿಯೂ ಬೀಳಕೂಡದು ಎಂದು ಗದರಿಸಿಯೇ ಬಸ್ಸು ಹತ್ತಿಸಿದೆ. ಹುಟ್ಟುಗುಣ ಅಷ್ಟು ಬೇಗ ಎಲ್ಲಿ ಹೋಗುತ್ತದೆ?

ಎರಡು ತಿಂಗಳು ಕಳೆದು ಮತ್ತೆ ಹೇಳದೆ ಕೇಳದೆ ಹೋದೆ. ಈ ಸಲ ಬೆಲ್ಲ, ನೀರು ತಂದವಳು ಅವಳೇ. ಒಳಗಿನಿಂದ ತಾಯಿ ಕೆಮ್ಮುವುದು ಕೇಳುತ್ತಿತ್ತು. ನನ್ನ ಕಣ್ಣು ಕೋಣೆಯ ಬಾಗಿಲ ಕಡೆಗೇ ಹೋಗುತ್ತಿದ್ದುದನ್ನು ಅವಳು ಗಮನಿಸಿದಳು.

"ಚಿಲಕ ಉಂಟು ಅಕ್ಕ, ಆದರೆ ಹಾಕುವುದಿಲ್ಲ," ಎಂದಳು. ಆಮೇಲೆ, "ಅಲ್ಲಿ?" ಎಂದು ಕೇಳಿದಳು.

ಹಿಂದಿನ ರಾತ್ರಿಯೂ ನಾನೇ ಹಾಕಿದ್ದೆ. ಬೆಲ್ಲದ ತುಂಡು ಬಾಯಿಗೆ ಹಾಕಿಕೊಂಡು, ಕೇಳಿಸದವಳಂತೆ ನೀರು ಕುಡಿದೆ.